ಕಡಲಿನ ಮಾತು, ದಡದ ಅನುವಾದ

ನಮ್ಮ ಪುಸ್ತಕ ವಿಮರ್ಶೆಗಳಲ್ಲಿ ಒಂದು ಹೊಗಳಿಕೆ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ: ‘ಲೇಖಕರು ತಟಸ್ಥ ನಿಲುವಿನಿಂದ ಬರೆದಿದ್ದಾರೆ.’ ಕಾದಂಬರಿಕಾರ ತನ್ನ ಪಾತ್ರಗಳ ಬಗೆಗೆ ತಟಸ್ಥ. ಜೀವನಚರಿತ್ರೆ ಬರೆದವರು ತಮ್ಮ ನಾಯಕನ ಬಗೆಗೆ ತಟಸ್ಥ. ವಿಮರ್ಶಕರಂತೂ ಎಲ್ಲರ ಬಗೆಗೂ ತಟಸ್ಥ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಈ ಮಾತು ಕೈಗೆ ಸುಲಭ. ‘ಅಲೂಫ್’ ಎಂಬ ಇಂಗ್ಲಿಷ್ ಮಾತು ಎದುರಾದಾಗ ಅವರು ‘ತಟಸ್ಥ’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತಾರೆ. ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಎರಡು ಮಾತುಗಳಿಗೂ ದೂರವಿರುವುದು, ಸೇರದೆ ಇರುವುದು ಎಂಬ ಅರ್ಥ ಇದ್ದೇ ಇದೆ. ವಿಚಿತ್ರವೆಂದರೆ ಎರಡೂ ನೀರಿನ ಸಹವಾಸದಲ್ಲಿ ಹುಟ್ಟಿದ ಮಾತುಗಳು. ಆದರೆ ಒಂದು ಹುಟ್ಟಿದ್ದು ಹಡಗಿನ ಮೇಲೆ, ಇನ್ನೊಂದು ದಡದ ಮೇಲೆ. ಈ ವ್ಯತ್ಯಾಸ ಸಣ್ಣದಲ್ಲವೆಂದು ನನ್ನ ಎಣಿಕೆ. ಅದನ್ನು ಮರೆತದ್ದರಿಂದ ನಮ್ಮ ಅನುವಾದಗಳಿಗಷ್ಟೇ ಅಲ್ಲ, ನಮ್ಮ ವಿಮರ್ಶೆಗೂ ನಷ್ಟವಾಗಿದೆ.

ಮೊದಲು ಇಂಗ್ಲಿಷ್ ಮಾತಿನ ಹುಟ್ಟನ್ನು ನೋಡೋಣ. ‘ಅಲೂಫ್’ನಲ್ಲಿ ಎರಡು ತುಂಡುಗಳಿವೆ. ಮೊದಲ ‘ಅ’ಕಾರ ದಿಕ್ಕನ್ನೊ ಸ್ಥಿತಿಯನ್ನೊ ಹೇಳುವ ಉಪಸರ್ಗ, ದಡಕ್ಕೆ ಎಂಬುದಕ್ಕೆ ‘ಅಶೋರ್’, ತೇಲುತ್ತಿರುವುದಕ್ಕೆ ‘ಅಫ್ಲೋಟ್’ ಎನ್ನುವಾಗ ಬರುವುದೂ ಇದೇ. ಎರಡನೆಯ ತುಂಡು ‘ಲೂಫ್’. ಇದು ಈಗ ‘ಲಫ್’ ಎಂಬ ರೂಪದಲ್ಲಿ ನಾವಿಕರ ಬಾಯಲ್ಲಿ ಉಳಿದಿದೆ. ಹಡಗಿನ ಯಾವ ಮಗ್ಗುಲಿಗೆ ಗಾಳಿ ಬಂದು ಬಡಿಯುತ್ತದೆಯೋ ಆ ಮಗ್ಗುಲು ‘ಲೂಫ್’. ಡಚ್ಚರಲ್ಲಿ ಅದಕ್ಕೆ ‘ಲೂಫ್’ ಎಂದೇ ಹೆಸರು. ‘ಅಲೂಫ್’ ಆ ಕಡೆಯಿಂದಲೇ ಬಂದಿರಬೇಕೆಂದು ನಿಘಂಟುಕಾರರ ಅಭಿಪ್ರಾಯ. ಇದು ಆಶ್ಚರ್ಯವೇನಲ್ಲ. ಹಡಗಿನ ಯಜಮಾನನನ್ನು ಕರೆಯುವ ‘ಸ್ಕಿಪ್ಪರ್’, ಹಡಗಿನ ಅಟ್ಟವಾದ ‘ಡೆಕ್’, ಶ್ರೀಮಂತರ ವಿಹಾರದ ‘ಯಾಟ್’ ಎಲ್ಲವೂ ಡಚ್ಚರ ಕಡೆಯಿಂದ ಇಂಗ್ಲಿಷಿಗೆ ಬಂದವು. ಎದುರುಬದುರು ಕರೆಯ ಈ ಎರಡು ಜನಗಳು ಕಡಲಿನ ಮೇಲೆ ಜಗಳವಾಡಿದಷ್ಟೇ ಧಾರಾಳವಾಗಿ ಮಾತುಗಳನ್ನೂ ಕೊಟ್ಟು ತೆಗೆದುಕೊಂಡರು.

1530ರ ದಶಕದ ಹೊತ್ತಿಗೆ ‘ಅಲೂಫ್’ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದು ಮನುಷ್ಯನ ಸ್ವಭಾವವನ್ನು ಬಣ್ಣಿಸುವ ಗುಣವಾಚಕವಾಗಿರಲಿಲ್ಲ. ಚುಕ್ಕಾಣಿ ಹಿಡಿದವನಿಗೆ ಕೊಡುವ ಆಜ್ಞೆಯಾಗಿತ್ತು. ಹಡಗಿನ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸು, ಅಲ್ಲಿಯೇ ಹಿಡಿದಿಡು ಎಂಬುದು ಅದರ ತಾತ್ಪರ್ಯ. ಈ ಆಜ್ಞೆಯನ್ನು ಯಾವಾಗ ಕೊಡುತ್ತಿದ್ದರು, ಏಕೆ ಕೊಡುತ್ತಿದ್ದರು ಎಂಬುದು ತಿಳಿದರೆ ಮಾತಿನ ಜೀವ ತಿಳಿಯುತ್ತದೆ.

ಕಡಲಿನ ಕಡೆಯಿಂದ ನೆಲದ ಕಡೆಗೆ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಹಡಗು ದಡದ ಗುಂಟ ಹೋಗುತ್ತಿದೆ. ಗಾಳಿ ಅದನ್ನು ಮುಂದಕ್ಕೆ ಒಯ್ಯುವುದರ ಜೊತೆಗೆ ಒಂದೇ ಸಮನೆ ಮಗ್ಗುಲಿಗೆ, ಅಂದರೆ ದಡದ ಕಡೆಗೆ, ನೂಕುತ್ತಲೂ ಇರುತ್ತದೆ. ಹಡಗಿನಲ್ಲಿ ಕೂತವನಿಗೆ ಈ ನೂಕು ತಿಳಿಯುವುದಿಲ್ಲ. ಹಡಗಿನ ಮೂತಿ ನೇರವಾಗಿಯೇ ಇದೆ, ಹಾಯಿ ತುಂಬಿದೆ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ನೋಡಿದರೆ ಬಂಡೆಗಳು ಹತ್ತಿರ ಬಂದಿರುತ್ತವೆ. ಇಂಥ ದಡಕ್ಕೆ ನಾವಿಕರು ‘ಲೀ ಶೋರ್’ ಎನ್ನುತ್ತಾರೆ; ನಾವು ಗಾಳಿ ನೂಕುವ ದಡ ಎನ್ನಬಹುದು. ಹಾಯಿಹಡಗಿನವನಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ. ಹಿಂದಿನ ಅಡ್ಡಹಾಯಿಯ ದೊಡ್ಡ ಹಡಗುಗಳು ಗಾಳಿಯ ದಿಕ್ಕಿಗೆ ಅರುವತ್ತೈದು ಎಪ್ಪತ್ತು ಡಿಗ್ರಿಗಿಂತ ಹತ್ತಿರವಾಗಿ ಸಾಗಲಾರದವು. ಆದ್ದರಿಂದ ಒಮ್ಮೆ ದಡಕ್ಕೆ ತೀರ ಹತ್ತಿರವಾದರೆ ಮತ್ತೆ ಹೊರಕ್ಕೆ ಬರಲು ಜಾಗವೇ ಇರುತ್ತಿರಲಿಲ್ಲ. ಉಪಾಯ ಒಂದೇ: ಮೊದಲಿನಿಂದಲೂ ಮೂತಿಯನ್ನು ಗಾಳಿಯತ್ತ ಹಿಡಿದು, ಕ್ಷಣಕ್ಷಣಕ್ಕೂ ಚುಕ್ಕಾಣಿಯನ್ನು ತಿದ್ದುತ್ತ, ದಡವನ್ನು ದೂರವಿಡುವುದು. ಅದೇ ‘ಅಲೂಫ್’.

1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಬರುತ್ತಿತ್ತು. ಅದರಲ್ಲಿ ಆಸ್ಟ್ರೇಲಿಯದ ಗಣಿಗಳಲ್ಲಿ ಚಿನ್ನ ಗಳಿಸಿ ಊರಿಗೆ ಮರಳುತ್ತಿದ್ದವರು ಬಹಳ ಮಂದಿ. ಅದಕ್ಕೆ ಹಾಯಿಯೂ ಇತ್ತು, ಸಹಾಯಕ್ಕೆ ಒಂದು ಉಗಿಯಂತ್ರವೂ ಇತ್ತು. ಅರ್ಧ ಭೂಗೋಳವನ್ನು ಸುತ್ತಿ ಬಂದ ಹಡಗಿಗೆ ಇನ್ನು ಕೆಲವು ಗಂಟೆಗಳ ದಾರಿ ಉಳಿದಿತ್ತು. ಆಗ ಬಿರುಗಾಳಿ ಎದ್ದು ಅದನ್ನು ವೇಲ್ಸಿನ ಆಂಗಲ್ಸೀ ದ್ವೀಪದ ಕಡೆಗೆ ನೂಕಿತು. ಲಂಗರಿನ ಸರಪಳಿಗಳು ಹರಿದವು. ದಡದಿಂದ ಕೂಗಳತೆಯ ದೂರದಲ್ಲಿ ಹಡಗು ಬಂಡೆಗೆ ಬಡಿದು ಒಡೆಯಿತು. ನಾನೂರೈವತ್ತರ ಆಸುಪಾಸು ಜನ ಸತ್ತರು. ಡಿಕನ್ಸ್ ಆ ಹಳ್ಳಿಗೆ ಹೋಗಿ, ಸತ್ತವರನ್ನು ಹೂಳಿದ ಪಾದ್ರಿಯನ್ನು ಕಂಡು ಒಂದು ಲೇಖನ ಬರೆದ. ಮಹಾಸಾಗರ ಮಾಡದ ಕೆಲಸವನ್ನು ತಾಯ್ನೆಲದ ಕರೆ ಮಾಡಿತು. ಮೆಲ್ವಿಲ್ ಕೂಡ ತನ್ನ ‘ಮೋಬಿ ಡಿಕ್’ (1851) ಕಾದಂಬರಿಯ ಇಪ್ಪತ್ತಮೂರನೆಯ ಅಧ್ಯಾಯಕ್ಕೆ ‘ಲೀ ಶೋರ್’ ಎಂದೇ ಹೆಸರಿಟ್ಟಿದ್ದಾನೆ. ಬಲ್ಕಿಂಗ್ಟನ್ ಎಂಬ ನಾವಿಕ ನಾಲ್ಕು ವರ್ಷದ ಯಾನ ಮುಗಿಸಿ ಬಂದವನು, ಕಾಲು ಆರುವ ಮೊದಲೇ ನಡುಚಳಿಗಾಲದಲ್ಲಿ ಮತ್ತೊಂದು ಹಡಗು ಹತ್ತಿದ್ದಾನೆ. ಅವನನ್ನು ನೆಪವಾಗಿಟ್ಟುಕೊಂಡು ಮೆಲ್ವಿಲ್ ಹೇಳುವುದು ಇಷ್ಟು: ಬೆಚ್ಚನೆಯ ಊಟ, ಹೊದಿಕೆ, ಗೆಳೆಯರು ಎಲ್ಲ ಬಂದರಿನಲ್ಲಿಯೇ ಇದ್ದರೂ ಬಿರುಗಾಳಿಯಲ್ಲಿ ಆ ಬಂದರೇ ಹಡಗಿನ ಶತ್ರು, ತನ್ನನ್ನು ಊರಿಗೆ ಒಯ್ಯಬಯಸುವ ಗಾಳಿಯ ವಿರುದ್ಧವೇ ಹಡಗು ಹೋರಾಡಬೇಕಾಗುತ್ತದೆ. ಎರಡು ಪುಟವೂ ಇರದ ಅಧ್ಯಾಯ ಅದು. ಆದರೂ ಆ ಇಡೀ ದೊಡ್ಡ ಪುಸ್ತಕದಲ್ಲಿ ನನಗೆ ಬಹುವಾಗಿ ಹಿಡಿಸಿದ ಭಾಗ.

ಇನ್ನು ಈ ಮಾತು ಹಡಗಿನಿಂದಿಳಿದು ನೆಲದ ಮೇಲೆ ನಡೆದಾಡಿದ ಬಗೆಯನ್ನು ಕಾಣಲು ಷೇಕ್ಸ್‌ಪಿಯರನ ಬಳಿಗೆ ಹೋಗಬೇಕು. ಅವನ ಕಾಲಕ್ಕೆ ‘ಅಲೂಫ್’ ಊರಿನವರ ಮಾತಾಗಿತ್ತು. ಆದರೆ ಉಪ್ಪುನೀರಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. 1597ರಲ್ಲಿ ಮೊದಲು ಅಚ್ಚಾದ ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕದ ಕೊನೆಯ ದೃಶ್ಯವನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ಸ್ಮಶಾನ, ರಾತ್ರಿ. ಮೊದಲು ಪ್ಯಾರಿಸ್ ಬರುತ್ತಾನೆ. ಜೊತೆಗೆ ಪಂಜು ಹಿಡಿದ ಒಬ್ಬ ಹುಡುಗ. ಪ್ಯಾರಿಸ್ ಪಂಜನ್ನು ಇಸಿದುಕೊಂಡು ಹುಡುಗನಿಗೆ ‘ಅಲೂಫ್’ ಆಗಿ ನಿಲ್ಲಲು ಹೇಳುತ್ತಾನೆ. ಬರಿದೆ ನಿಲ್ಲುವುದಲ್ಲ: ಮರದ ಕೆಳಗೆ ಮಲಗಿ ನೆಲಕ್ಕೆ ಕಿವಿಗೊಟ್ಟಿರಬೇಕು, ಹೆಜ್ಜೆಯ ಸಪ್ಪಳ ಕೇಳಿದರೆ ಸಿಳ್ಳು ಹಾಕಬೇಕು. ಹುಡುಗನಿಗೆ ಭಯ, ಆದರೂ ಹೇಳಿದಂತೆ ಮಾಡುತ್ತಾನೆ. ರೋಮಿಯೊ ಬಂದಾಗ ಸಿಳ್ಳು ಕೇಳಿಸುತ್ತದೆ. ಕತ್ತಿಗಳು ಮಸೆದಾಗ ಕಾವಲಿನವರನ್ನು ಕರೆತರಲು ಓಡುತ್ತಾನೆ.

ಅದೇ ದೃಶ್ಯದಲ್ಲಿ ಕೆಲವು ಸಾಲುಗಳಾದ ಮೇಲೆ ರೋಮಿಯೊ ತನ್ನ ಸೇವಕ ಬಾಲ್ತಜಾರನಿಗೂ ಅದೇ ಮಾತನ್ನು ಹೇಳುತ್ತಾನೆ: ಏನು ಕೇಳಿಸಿದರೂ ಏನು ಕಂಡರೂ ‘ಅಲೂಫ್’ ಆಗಿ ನಿಲ್ಲು, ನನ್ನ ದಾರಿಗೆ ಅಡ್ಡ ಬರಬೇಡ. ಬಾಲ್ತಜಾರನಿಗೆ ಯಜಮಾನನ ಮುಖ ನೋಡಿ ಅನುಮಾನ. ದೂರ ಹೋಗದೆ ಅಲ್ಲಿಯೇ ಅಡಗಿಕೊಳ್ಳುತ್ತಾನೆ. ಅಡಗಿಕೊಂಡು ಏನು ಮಾಡಿದ? ಮರದ ಕೆಳಗೆ ನಿದ್ದೆ ಮಾಡಿದ. ತನ್ನ ಯಜಮಾನ ಯಾರೊಡನೆಯೋ ಹೋರಾಡಿ ಅವನನ್ನು ಕೊಂದಂತೆ ಕನಸು ಕಂಡೆನೆಂದು ಆಮೇಲೆ ಪಾದ್ರಿಗೆ ಹೇಳುತ್ತಾನೆ. ಅದು ಕನಸಲ್ಲ, ಹತ್ತು ಮಾರು ದೂರದಲ್ಲಿ ನಿಜವಾಗಿಯೇ ನಡೆದದ್ದು.

ಒಂದೇ ಮಾತು, ಒಂದೇ ರಾತ್ರಿ, ಇಬ್ಬರು ಸೇವಕರು. ಒಬ್ಬ ನೆಲಕ್ಕೆ ಕಿವಿಯಿಟ್ಟು ದೂರ ನಿಂತ. ಇನ್ನೊಬ್ಬ ದೂರ ನಿಂತು ನಿದ್ದೆಹೋದ. ಇಬ್ಬರಿಂದಲೂ ಯಾರ ಪ್ರಾಣವೂ ಉಳಿಯಲಿಲ್ಲ ಎಂಬುದು ಬೇರೆ ಮಾತು. ದುರಂತ ನಾಟಕದಲ್ಲಿ ಸೇವಕರಿಂದ ಅಷ್ಟನ್ನು ಕೇಳುವುದು ಅನ್ಯಾಯ. ಇನ್ನೂ ಒಂದು ಸಂಗತಿ ಇದೆ. ವಿಷ ಕುಡಿಯುವ ಮುನ್ನ ರೋಮಿಯೊ ತನ್ನ ಬದುಕನ್ನು ಕಡಲಿನಲ್ಲಿ ಬಳಲಿದ ದೋಣಿಗೆ ಹೋಲಿಸಿ, ದಾರಿ ತೋರುವ ನಾವಿಕನನ್ನು ಕರೆದು, ಬಂಡೆಗೆ ಅಪ್ಪಳಿಸಿಬಿಡು ಎನ್ನುತ್ತಾನೆ. ಅಂದರೆ ‘ಅಲೂಫ್’ ಎಂಬ ಆಜ್ಞೆಗೆ ತೀರ ವಿರುದ್ಧವಾದ ಆಜ್ಞೆ. ಕವಿ ಇದನ್ನು ಬೇಕೆಂದೇ ಹೆಣೆದನೆಂದು ನಾನು ವಾದಿಸುವುದಿಲ್ಲ. ಆದರೆ ಮಾತು ಬದುಕಿರುವಾಗ ಅದರ ಬಂಧುಬಳಗ ತಾನಾಗಿಯೇ ಸುತ್ತ ನೆರೆಯುತ್ತದೆ. ಈ ದೃಶ್ಯವನ್ನು ಕನ್ನಡಕ್ಕೆ ತರುವವರು ಎರಡು ಕಡೆಯೂ ‘ತಟಸ್ಥನಾಗಿರು’ ಎಂದು ಬರೆದರೆ ಬಾಲ್ತಜಾರನಿಗೆ ಅನ್ಯಾಯವಾಗದು. ಸಿಳ್ಳು ಹಾಕಿದ ಹುಡುಗನಿಗೆ ಆದೀತು.

ಷೇಕ್ಸ್‌ಪಿಯರನಿಗೆ ಮಾತಿನ ಮೂಲ ಗೊತ್ತಿತ್ತೇ ಎಂದು ಕೇಳುವವರಿಗೆ ‘ಆ್ಯಂಟನಿ ಮತ್ತು ಕ್ಲಿಯೋಪಾತ್ರ’ದ ಮೂರನೆಯ ಅಂಕದಲ್ಲಿ ಉತ್ತರವಿದೆ. ಕ್ರಿಸ್ತಪೂರ್ವ 31ರ ಆ್ಯಕ್ಟಿಯಮ್ ಕಾಳಗ. ಗೆಲುವು ಯಾರ ಕಡೆಗೂ ತಿರುಗಬಹುದಾದ ಹೊತ್ತಿನಲ್ಲಿ ಕ್ಲಿಯೋಪಾತ್ರ ಹಾಯಿ ಎತ್ತಿ ಓಡಿಹೋಗುತ್ತಾಳೆ. ಅವಳ ಹಿಂದೆ ಆ್ಯಂಟನಿಯೂ. ಅದನ್ನು ಕಣ್ಣಾರೆ ಕಂಡ ಸ್ಕಾರಸ್ ಎಂಬ ಯೋಧ ವರ್ಣಿಸುವಾಗ ಅವಳ ಹಡಗು ಗಾಳಿಯತ್ತ ಮೂತಿ ತಿರುಗಿಸಿತು ಎಂಬುದನ್ನು ‘ಲೂಫ್’ ಎಂಬ ಕ್ರಿಯಾಪದದಿಂದಲೇ ಹೇಳುತ್ತಾನೆ. ಕಡಲಿನ ಅರ್ಥ ಕವಿಗೆ ಚೆನ್ನಾಗಿಯೇ ಗೊತ್ತಿತ್ತು. ಬೈಗುಳದ ಅರ್ಥವೂ ಆಗಲೇ ಹುಟ್ಟಿತ್ತು. ‘ಆರನೆಯ ಹೆನ್ರಿ’ಯ ಮೊದಲ ಭಾಗದಲ್ಲಿ ಯಾರ್ಕ್ ಮತ್ತು ಸಾಮರ್ಸೆಟ್ ಎಂಬ ಇಬ್ಬರು ಪ್ರಭುಗಳ ಹೊಟ್ಟೆಕಿಚ್ಚಿನಿಂದ ಟಾಲ್ಬಟ್ ಎಂಬ ವೀರನಿಗೆ ಸೈನ್ಯದ ಸಹಾಯ ಹೋಗುವುದಿಲ್ಲ. ಲೂಸಿ ಎಂಬವನು ಸಾಮರ್ಸೆಟ್ಟನ ಎದುರು ನಿಂತು, ನೀನು ‘ಅಲೂಫ್’ ಆಗಿ ದೂರ ಉಳಿದೆ ಎಂದು ಆಪಾದಿಸುತ್ತಾನೆ. ಅಂತೂ ಒಂದು ಕಡೆ ಎಚ್ಚರದ ಮಾತು, ಇನ್ನೊಂದು ಕಡೆ ಕೈಕೊಟ್ಟವನನ್ನು ಬೈಯುವ ಮಾತು. ಇಂದಿನ ಇಂಗ್ಲಿಷಿನಲ್ಲಿ ಎರಡನೆಯದೇ ಗೆದ್ದಿದೆ. ಈಗ ಬೆಕ್ಕುಗಳು ‘ಅಲೂಫ್’. ಮತ ಕೇಳಲು ಬಂದಾಗ ಬಿಟ್ಟರೆ ಮುಖ ತೋರಿಸದ ರಾಜಕಾರಣಿ ‘ಅಲೂಫ್’. ಪಕ್ಕದ ಮನೆಯವರೊಡನೆ ಮಾತಾಡದ ಪ್ರೊಫೆಸರು ‘ಅಲೂಫ್’. ಚಲನೆ ಹೋಗಿ ನಿಲುವು ಉಳಿಯಿತು, ಆಮೇಲೆ ನಿಲುವೂ ಹೋಗಿ ಬಿಗುಮಾನ ಉಳಿಯಿತು. ಹಾಯಿಯನ್ನು ಕಣ್ಣಾರೆ ಕಾಣದ ಇಂಗ್ಲಿಷ್ ಓದುಗನಿಗೂ ಈ ಮಾತು ಇಂದು ನಮಗಿರುವಷ್ಟೇ ಪರಕೀಯ.

ಹಾಯಿಯ ಶಾಸ್ತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನೂ ಹೇಳಿಬಿಡುತ್ತೇನೆ. ಮೂತಿಯನ್ನು ಗಾಳಿಯತ್ತ ತಿರುಗಿಸುವುದಕ್ಕೂ ಒಂದು ಮಿತಿ ಇದೆ. ಆ ಮಿತಿ ದಾಟಿದರೆ ಹಾಯಿ ಪಟಪಟನೆ ಬಡಿದುಕೊಳ್ಳತೊಡಗುತ್ತದೆ, ಹಡಗಿನ ಓಟ ಸಾಯುತ್ತದೆ. ಓಟವಿಲ್ಲದ ಹಡಗಿಗೆ ಚುಕ್ಕಾಣಿ ಇದ್ದೂ ಇಲ್ಲದಂತೆ. ಆಗ ಗಾಳಿ ಅದನ್ನು ಎತ್ತ ಬೇಕಾದರೂ ನೂಕುತ್ತದೆ; ಹೆಚ್ಚಾಗಿ, ಯಾವ ದಡಕ್ಕೆ ಹೆದರಿ ಇಷ್ಟೆಲ್ಲ ಮಾಡಿದೆವೋ ಅದೇ ದಡಕ್ಕೆ. ‘ಹ್ಯಾಮ್ಲೆಟ್’ ನಾಟಕದಲ್ಲಿ ಗಿಲ್ಡನ್‌ಸ್ಟರ್ನ್, ರಾಜಕುಮಾರ ಜಾಣ ಹುಚ್ಚಿನ ಮರೆಯಲ್ಲಿ ‘ಅಲೂಫ್’ ಆಗಿಯೇ ಉಳಿಯುತ್ತಾನೆಂದು ದೊರೆಗೆ ದೂರು ಹೇಳುತ್ತಾನೆ. ಹ್ಯಾಮ್ಲೆಟ್ ಬೇಹುಗಾರರ ಕೈಗೆ ಸಿಗದೆ ಉಳಿದದ್ದು ನಿಜ. ಆದರೆ ಎಲ್ಲರಿಂದಲೂ ಎಲ್ಲದರಿಂದಲೂ ಅಷ್ಟು ದೂರ ತಿರುಗಿ ನಿಂತವನ ಹಾಯಿ ನಾಟಕದ ಮುಕ್ಕಾಲು ಭಾಗ ಪಟಪಟಿಸುತ್ತಲೇ ಇತ್ತು ಎಂದರೆ ಪಂಡಿತರು ನನ್ನನ್ನು ಮನ್ನಿಸಬೇಕು.

ಈಗ ನಮ್ಮ ಮಾತಿಗೆ ಬರೋಣ. ‘ತಟ’ ಎಂದರೆ ದಡ, ‘ಸ್ಥ’ ಎಂದರೆ ನಿಂತವನು. ದಡದಲ್ಲಿ ನಿಂತವನು ತಟಸ್ಥ. ಹೊಳೆ ಹರಿಯುತ್ತಿದೆ, ಅದರಲ್ಲಿ ಯಾರೋ ಈಜುತ್ತಿದ್ದಾರೆ, ಯಾರೋ ಮುಳುಗುತ್ತಿದ್ದಾರೆ, ಇವನು ಒಣಗಿದ ಕಾಲುಗಳ ಮೇಲೆ ನಿಂತು ನೋಡುತ್ತಿದ್ದಾನೆ. ವೇದಾಂತಿಗಳು ಈ ಮಾತಿಗೆ ಗಂಭೀರವಾದ ಕೆಲಸ ಕೊಟ್ಟರು. ಬ್ರಹ್ಮದ ನಿಜರೂಪವನ್ನೇ ಹೇಳುವುದು ಸ್ವರೂಪಲಕ್ಷಣ. ಜಗತ್ತಿನ ಹುಟ್ಟಿಗೆ ಕಾರಣ ಎಂಬಂತೆ ಹೊರಗಿನ ಗುರುತಿನಿಂದ ತೋರಿಸುವುದು ತಟಸ್ಥಲಕ್ಷಣ. ದೇವದತ್ತನ ಮನೆ ಯಾವುದೆಂದರೆ ‘ಅಗೋ, ಕಾಗೆ ಕೂತಿದೆಯಲ್ಲ, ಅದು’ ಎಂದ ಹಾಗೆ. ಕಾಗೆ ಮನೆಯ ಭಾಗವಲ್ಲ. ಆದರೂ ಮನೆಯನ್ನು ತೋರಿಸಿತು. ಇದು ಚೆಲುವಾದ ಬಳಕೆಯೇ ಸರಿ. ನಮ್ಮ ವಿಮರ್ಶಕರು ಹೊಗಳಿಕೆಯಾಗಿ ಬಳಸುವ ‘ತಟಸ್ಥ’ಕ್ಕೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೆ, ಕೆಲವು ವಿಮರ್ಶೆಗಳನ್ನು ಓದಿದಾಗ ಮನೆಯ ಮೇಲೆ ಕೂತ ಕಾಗೆಯ ನೆನಪು ಬರುವುದುಂಟು, ಅಷ್ಟೆ.

ದಡವೆಂದರೆ ಕ್ಷೇಮ ಎಂಬುದು ನಮ್ಮ ಭಾಷೆಯ ಹುಟ್ಟುನಂಬಿಕೆ. ಸಂಸಾರ ಸಾಗರ, ಮುಕ್ತಿ ಆಚೆಯ ದಡ. ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದವರು ದಡ ಸೇರಿದೆವು ಎನ್ನುತ್ತಾರೆ. ನಂಬಿದವರಿಗೆ ಮೋಸ ಮಾಡಿದವನು ನಡುನೀರಿನಲ್ಲಿ ಕೈಬಿಟ್ಟವನು. ದಾಸರು ಅಂಬಿಗನನ್ನು ಕರೆದದ್ದು ದಡ ಮುಟ್ಟಿಸೆಂದು. ಜೈನರ ತೀರ್ಥಂಕರರು ದಾಟುವ ಕಡವನ್ನು ಮಾಡಿಕೊಟ್ಟವರು. ಗಮನಿಸಿ ನೋಡಿದರೆ ಇವೆಲ್ಲ ಹೊಳೆ ದಾಟುವವನ ಮಾತುಗಳು, ದೋಣಿಯಲ್ಲಿ ಕೂತ ಪ್ರಯಾಣಿಕನ ಮಾತುಗಳು. ‘ಅಲೂಫ್’ ಚುಕ್ಕಾಣಿ ಹಿಡಿದವನ ಮಾತು. (ನಮ್ಮಲ್ಲೂ ಹುಟ್ಟು ಹಾಕುವ ಕೈಯಿಂದಲೇ ವಚನ ಬರೆದ ಅಂಬಿಗರ ಚೌಡಯ್ಯನಿದ್ದಾನೆ. ಅವನ ವಚನಗಳನ್ನು ಓದಿದವರು ಅವನನ್ನು ತಟಸ್ಥನೆಂದು ಖಂಡಿತ ಕರೆಯಲಾರರು.) ಕನ್ನಡ ನಾಡಿಗೆ ಕಡಲಿಲ್ಲವೆಂದಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಇರುವ ನಮ್ಮ ಕರಾವಳಿಯೆಲ್ಲ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ನೂಕುವ ದಡವೇ. ನೈಋತ್ಯದಿಂದ ಬರುವ ಗಾಳಿ ಕಡಲನ್ನೆಲ್ಲ ಎತ್ತಿ ನೆಲಕ್ಕೆ ಎಸೆಯುತ್ತಿರುತ್ತದೆ. ಹಿಂದೆ ಆ ಕಾಲದಲ್ಲಿ ಮಂಜಿಗಳನ್ನು ಮೇಲಕ್ಕೆಳೆದು ಮಡಲು ಹೊದಿಸಿ ಇಡುತ್ತಿದ್ದರು. ಇಂದಿಗೂ ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಐದು ಹೊಳೆಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯಲ್ಲಿ, ಅಳಿವೆಯ ಬಾಗಿಲಿನ ನೊರೆಯನ್ನು ತೋರಿಸುತ್ತ ಒಬ್ಬ ಹಿರಿಯ ತಂಡೇಲರು ನನಗೆ ಹೇಳಿದ್ದರು: “ಹೊರಗೆ ಕಡಲಲ್ಲಿ ಹೆದರಿಕೆ ಇಲ್ಲ ಮಾರಾಯ್ರೆ. ಹೆದರಿಕೆ ಇರುವುದು ಬಾಗಿಲಲ್ಲಿ.” ಮೆಲ್ವಿಲ್ ಒಂದು ಅಧ್ಯಾಯದಲ್ಲಿ ಹೇಳಿದ್ದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದರು. ಈ ಅನುಭವ ನಮ್ಮ ಜನರಲ್ಲಿದೆ. ಘಟ್ಟದ ಮೇಲೆ ಕೂತು ಬೆಳೆಸಿದ ನಮ್ಮ ಗ್ರಂಥಭಾಷೆಗೆ ಅದು ಹತ್ತಿ ಬರಲಿಲ್ಲ.

ದಡದ ಮೇಲೆ ನಿಂತು ನೋಡುವ ಸುಖವನ್ನು ಮರೆಮಾಚದೆ ಹೇಳಿದವನು ರೋಮಿನ ಕವಿ ಲುಕ್ರೀಷಿಯಸ್. ಕ್ರಿಸ್ತನಿಗೂ ಮೊದಲಿನ ಶತಮಾನದವನು. ತನ್ನ ಕಾವ್ಯದ ಎರಡನೆಯ ಭಾಗವನ್ನು ಅವನು ಪ್ರಾರಂಭಿಸುವುದೇ ಆ ಚಿತ್ರದಿಂದ: ಕಡಲಿನಲ್ಲಿ ಬಿರುಗಾಳಿ, ಅದರಲ್ಲಿ ಸಿಕ್ಕಿದವನ ಪಾಡು, ಅದನ್ನು ನೆಲದಿಂದ ನೋಡುವವನಿಗೆ ಆಗುವ ಹಿತ. ಇನ್ನೊಬ್ಬರ ಕಷ್ಟ ಹಿತವೆಂದಲ್ಲ, ಆ ಕಷ್ಟ ತನಗಿಲ್ಲವೆಂಬುದು ಹಿತ ಎಂದು ಅವನು ಒಡನೆಯೇ ತಿದ್ದಿ ಹೇಳುತ್ತಾನೆ. ತತ್ತ್ವಜ್ಞಾನಿಯ ಸಮಾಧಾನಕ್ಕೆ ಈ ಉಪಮೆ ಒಪ್ಪಬಹುದು. ಸಾಹಿತ್ಯವನ್ನು ಓದುವವನಿಗೆ ಒಪ್ಪುತ್ತದೆಯೆ?

ಒಪ್ಪುವುದಿಲ್ಲವೆಂದು ನಮ್ಮ ಆಲಂಕಾರಿಕರೇ ಸ್ಪಷ್ಟವಾಗಿ ಹೇಳಿದ್ದಾರೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಭಟ್ಟನಾಯಕನ ಹೆಸರು ಹೊಸದಲ್ಲ. ರಸ ಸಹೃದಯನಿಗೆ ಹೇಗೆ ದಕ್ಕುತ್ತದೆ ಎಂಬ ಚರ್ಚೆಯಲ್ಲಿ ಅವನು ಎರಡು ದಾರಿಗಳನ್ನು ತಳ್ಳಿಹಾಕುತ್ತಾನೆ. ರಂಗದ ಮೇಲಿನ ದುಃಖ ನನ್ನ ಸ್ವಂತದ್ದೆಂದು ತೋರುವುದಾದರೆ ಕರುಣರಸದ ನಾಟಕವನ್ನು ದುಡ್ಡು ಕೊಟ್ಟು ಯಾರೂ ನೋಡಲಾರರು. ಅದು ಬೇರೆ ಯಾರದೋ ದುಃಖ, ನನಗೂ ಅದಕ್ಕೂ ಸಂಬಂಧವಿಲ್ಲ ಎಂದು ತೋರುವುದಾದರೆ ರಸವೇ ಹುಟ್ಟದು. ಈ ಎರಡನೆಯ ಸ್ಥಿತಿಗೆ ಅವರು ಇಟ್ಟ ಹೆಸರು ‘ತಾಟಸ್ಥ್ಯ’. ಯಾವ ಮಾತನ್ನು ಇಂದು ನಾವು ವಿಮರ್ಶಕನ ತಲೆಯ ಮೇಲೆ ಕಿರೀಟದಂತೆ ಇಡುತ್ತಿದ್ದೇವೆಯೋ ಅದೇ ಮಾತು ಸಾವಿರ ವರ್ಷದ ಹಿಂದೆ ರಸಕ್ಕೆ ಅಡ್ಡಿಯ ಹೆಸರಾಗಿತ್ತು. ನಾಟಕಶಾಲೆಯಲ್ಲಿ ತಟಸ್ಥನಾಗಿ ಕೂತವನು ಸಹೃದಯನಲ್ಲ, ಬರಿಯ ಪ್ರೇಕ್ಷಕ. ಅಭಿನವಗುಪ್ತನೂ ಭಟ್ಟನಾಯಕನೊಡನೆ ಬೇರೆ ವಿಷಯಗಳಲ್ಲಿ ಜಗಳವಾಡಿದನೇ ಹೊರತು ಈ ವಿಷಯದಲ್ಲಿ ತಾಟಸ್ಥ್ಯದ ಪಕ್ಷ ವಹಿಸಲಿಲ್ಲ. ಸಹೃದಯನಿಗೆ ಬೇಕಾದ ದೂರ ಬೇರೆ ಬಗೆಯದು: ಒಳಗೆ ಇಳಿದಿರಬೇಕು, ಆದರೆ ಕೊಚ್ಚಿಹೋಗಬಾರದು. ನನಗಂತೂ ಇದು ದಡದ ಮೇಲಿನವನ ಸ್ಥಿತಿಗಿಂತ ಚುಕ್ಕಾಣಿಯವನ ಸ್ಥಿತಿಗೆ ಹತ್ತಿರವಾಗಿ ಕಾಣುತ್ತದೆ.

ಬೇರೆ ಮಾತುಗಳಿಲ್ಲವೆ ಎಂದು ಕೇಳಬಹುದು. ‘ಉದಾಸೀನ’ ಒಂದು ಕಾಲಕ್ಕೆ ದೊಡ್ಡ ಮನೆತನದ ಮಾತು. ಮೇಲಕ್ಕೆ, ಬೇರೆಯಾಗಿ ಕೂತವನು ಎಂಬುದು ಅದರ ಅಕ್ಷರಾರ್ಥ. ಕೌಟಿಲ್ಯನ ರಾಜಮಂಡಲದಲ್ಲಿ ಉದಾಸೀನನೆಂಬ ರಾಜನಿದ್ದಾನೆ. ಜಗಳವಾಡುವ ಎಲ್ಲರಿಗಿಂತ ಬಲಶಾಲಿ, ಯಾರಿಗೆ ಬೇಕಾದರೂ ಅನುಗ್ರಹ ಮಾಡಬಲ್ಲವನು, ಒಗ್ಗಟ್ಟಿಲ್ಲದವರನ್ನು ಅಡಗಿಸಬಲ್ಲವನು. ಅಂಥ ರಾಜ ಕನ್ನಡದಲ್ಲಿ ಪಟ್ಟ ಪಾಡು ನೋಡಿ: ಘಟ್ಟದ ಮೇಲೆ ‘ಉದಾಸೀನ ಮಾಡಬೇಡ’ ಎಂದರೆ ಅಲಕ್ಷ್ಯ ಮಾಡಬೇಡವೆಂದಾಯಿತು, ಘಟ್ಟ ಇಳಿದು ಮಂಗಳೂರಿಗೆ ಹೋದರೆ ‘ನನಗೆ ಉದಾಸೀನ’ ಎಂದರೆ ಬರಿಯ ಸೋಮಾರಿತನ. ‘ನಿರ್ಲಿಪ್ತ’ಕ್ಕೆ ತಾವರೆಯೆಲೆಯ ನೀರಿನ ಹಿಂಬಲವಿದೆ, ಆದರೆ ಎಲೆಗೆ ಅಂಟದಿರುವುದು ಹುಟ್ಟುಗುಣ, ಅದರಲ್ಲಿ ಎಲೆಯ ಶ್ರಮವೇನೂ ಇಲ್ಲ. ಪತ್ರಿಕೆಯವರು ಮಾತ್ರ ಒಮ್ಮೆ ಜಾಣತನ ತೋರಿದರು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಸೇರಿದ ರಾಷ್ಟ್ರಗಳ ನೀತಿಗೆ ‘ಅಲಿಪ್ತ’ ಎಂಬ ಹೆಸರು ನಿಂತಿತು. ನಮ್ಮದು ಬರಿಯ ತಾಟಸ್ಥ್ಯವಲ್ಲ ಎಂದು ನೆಹರೂ ಹೇಳುತ್ತಲೇ ಇದ್ದರು. ‘ತಟಸ್ಥ’ ಎಂದು ಬರೆದುಬಿಡುವುದು ಸುಲಭವಿದ್ದಾಗಲೂ ಕನ್ನಡ ಪತ್ರಿಕೆಗಳು ಆ ವ್ಯತ್ಯಾಸವನ್ನು ಕಾಪಾಡಿದವು. ಸಾಹಿತ್ಯದವರು ಅಷ್ಟು ಎಚ್ಚರ ತೋರಲಿಲ್ಲ.

ಇದನ್ನೆಲ್ಲ ಇಷ್ಟು ಬೆಳೆಸಿ ಹೇಳುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ವಿಮರ್ಶೆ ಬರೆಯುವವನ ಮೇಲೆ ಗಾಳಿ ಸದಾ ಒಂದೇ ಕಡೆಗೆ ಬೀಸುತ್ತಿರುತ್ತದೆ: ತನ್ನವರ ಕಡೆಗೆ. ತನ್ನ ಊರು, ತನ್ನ ಜಾತಿ, ತನ್ನ ಗುರು, ತನ್ನ ಶಿಷ್ಯ, ತನ್ನ ಪಂಥ. ಬೆಳಗ್ಗೆ ಸಭೆಯಲ್ಲಿ ಪುಸ್ತಕ ಬಿಡುಗಡೆ, ಸಂಜೆ ಅದೇ ಕವಿಯ ಮನೆಯಲ್ಲಿ ಊಟ. ಈ ದಡ ಬೆಚ್ಚಗಿದೆ, ಅಲ್ಲಿ ದೀಪ ಉರಿಯುತ್ತಿದೆ. ವಿಮರ್ಶಕ ಮುಳುಗುವುದೂ ಅಲ್ಲಿಯೇ. ಅಪರಿಚಿತನ ಪುಸ್ತಕವನ್ನು ಕುರಿತು ನ್ಯಾಯವಾಗಿ ಬರೆಯುವುದು ಕಷ್ಟವಲ್ಲ. ಅದು ಹೊರಗಿನ ಕಡಲು, ಅಲ್ಲಿ ಹೆದರಿಕೆ ಇಲ್ಲ. ನಾನೂ ಈ ಪುಟಗಳಲ್ಲಿ ಪುಸ್ತಕಗಳನ್ನು ಕುರಿತು ಬರೆಯುವವನೇ ಆದ್ದರಿಂದ ಆ ಗಾಳಿಯ ಬಲ ಬಲ್ಲೆ. ನಾನು ತಟಸ್ಥ ಎಂದು ಘೋಷಿಸಿ ಕೈಕಟ್ಟಿ ಕೂತವನು ಕೂತಲ್ಲಿಯೇ ಇರುತ್ತೇನೆಂದು ತಿಳಿದಿರುತ್ತಾನೆ. ಚುಕ್ಕಾಣಿ ಬಿಟ್ಟ ಹಡಗು ನಿಂತಲ್ಲಿ ನಿಲ್ಲುವುದುಂಟೆ? ‘ಗುಣದೋಷಗಳೆರಡೂ ಇವೆ, ಒಟ್ಟಿನಲ್ಲಿ ಸ್ವಾಗತಾರ್ಹ’ ಎಂಬ ವಾಕ್ಯದಲ್ಲಿ ಮುಗಿಯುವ ತಟಸ್ಥ ವಿಮರ್ಶೆಗಳನ್ನು ಹತ್ತು ವರ್ಷದ ಗಡುವಿನಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲ ಯಾವ ದಡದ ಕಡೆಗೆ ಸರಿದಿವೆ ಎಂಬುದು ಯಾರಿಗೂ ಕಾಣುತ್ತದೆ. ಇನ್ನು ತನ್ನವರಿಂದ ದೂರವಿದ್ದೇನೆಂದು ತೋರಿಸುವುದಕ್ಕಾಗಿ ತನ್ನವರನ್ನೇ ಹುಡುಕಿ ಹೊಡೆಯುವ ಇನ್ನೊಂದು ಪಂಗಡವಿದೆ. ಅವರ ಹಾಯಿಯ ಪಟಪಟ ದೂರದಿಂದಲೇ ಕೇಳಿಸುತ್ತದೆ. ಓಟ ಮಾತ್ರ ಇಲ್ಲ.

ಹಾಗಾದರೆ ‘ಅಲೂಫ್’ಗೆ ಕನ್ನಡವೇನು? ಒಂದೇ ಮಾತನ್ನು ಹುಡುಕುವ ಹಟ ಬಿಡಬೇಕೆಂದು ತೋರುತ್ತದೆ. ಪ್ಯಾರಿಸನ ಹುಡುಗನಿಗೆ ‘ಅತ್ತ ಹೋಗಿ ಕಾದಿರು’ ಎಂದರೆ ಸಾಕು. ಕಾಯುವುದರ ಎರಡು ಅರ್ಥಗಳೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಬಾಲ್ತಜಾರನಿಗೆ ‘ದೂರವಿರು’ ಎಂದರೆ ಆಯಿತು. ನಿದ್ದೆಯನ್ನು ಅವನೇ ನೋಡಿಕೊಳ್ಳುತ್ತಾನೆ. ಹ್ಯಾಮ್ಲೆಟ್ ‘ಕೈಗೆ ಸಿಗುವುದಿಲ್ಲ’. ಸಾಮರ್ಸೆಟ್ಟನಿಗೆ ಬೇಕಾದರೆ ‘ತಟಸ್ಥ’ವನ್ನು ಧಾರಾಳವಾಗಿ ಕೊಡಬಹುದು, ಮುಳುಗುವವನನ್ನು ದಡದಿಂದ ನೋಡಿದವನು ಅವನೇ. ಬೆಕ್ಕಿಗೆ ‘ಬಿಗುಮಾನ’ ಸರಿಹೋಗುತ್ತದೆ. ಉಳಿಯುವುದು ಕ್ಲಿಯೋಪಾತ್ರಳ ಹಡಗು. ಗಾಳಿಯತ್ತ ಮೂತಿ ತಿರುಗಿಸಿದಳು ಎಂದು ಬಿಡಿಸಿ ಬರೆದರೆ ಅರ್ಥವೇನೋ ಬರುತ್ತದೆ, ಆದರೆ ಕಾಳಗದ ನಡುವೆ ಕೂಗಿ ಹೇಳುವ ಸ್ಕಾರಸನ ಬಾಯಿಗೆ ಅದು ಉದ್ದವಾಯಿತು. ಆ ಒಂದು ಮಾತನ್ನು ಮೈಸೂರಿನ ಗ್ರಂಥಾಲಯಗಳಲ್ಲಿ ಹುಡುಕುವುದಕ್ಕಿಂತ ಗಂಗೊಳ್ಳಿ, ಮಲ್ಪೆ, ಹೊನ್ನಾವರಗಳಲ್ಲಿ ಹುಡುಕುವುದು ಮೇಲು. ಎಂಜಿನ್ನು ಬರುವುದಕ್ಕೆ ಮುಂಚೆ ಹಾಯಿಯ ಹಗ್ಗ ಹಿಡಿದಿದ್ದ ಮುದುಕರನ್ನು ಕೇಳಬೇಕು. ಹೋಗುವವರು ಮಳೆಗಾಲದಲ್ಲಿ ಹೋಗಲಿ. ದೋಣಿಗಳು ಮೇಲಿರುತ್ತವೆ, ಬಲೆ ರಿಪೇರಿ ಮಾಡುತ್ತ ಕೂತವರಿಗೆ ಮಾತಾಡಲು ಪುರುಸೊತ್ತಿರುತ್ತದೆ.